ಗ್ಯಾಟ್ಸ್‌ಬಿ ಅರ್ಧಕ್ಕೇ ಬಿಟ್ಟವರಿಗೆ

‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಅಮೆರಿಕದ ಎಫ್. ಸ್ಕಾಟ್ ಫಿಟ್ಜ್‌ಜೆರಾಲ್ಡ್ ಬರೆದ 1925ರ ಕಾದಂಬರಿ, ಬರೀ ಒಂಬತ್ತು ಅಧ್ಯಾಯ. ಆದರೂ ಬಿ.ಎ. ಓದುವಾಗ ಮೂರು ಸಲ ಅರ್ಧಕ್ಕೇ ಬಿಟ್ಟಿದ್ದೆ. ಈಗ ಧಾರವಾಡದ ನಮ್ಮ ಮನೆಗೆ ಪಾಠಕ್ಕೆ ಬರುವ ಹುಡುಗರಿಂದ ಮೊದಲು ನಕ್ಷೆ ಬರೆಸುತ್ತೇನೆ. ನಡುವೆ ನೀರು. ಈ ದಡ ವೆಸ್ಟ್ ಎಗ್, ಹೊಸ ದುಡ್ಡಿನ ಗ್ಯಾಟ್ಸ್‌ಬಿ ಇಲ್ಲಿ. ಆ ದಡ ಈಸ್ಟ್ ಎಗ್. ಗ್ಯಾಟ್ಸ್‌ಬಿಯ ಹಳೇ ಪ್ರೇಯಸಿ ಡೇಸಿ, ಅವಳ ಗಂಡ ಟಾಮ್, ಹಳೇ ಸಾಹುಕಾರರೆಲ್ಲ ಅಲ್ಲಿ. ಡೇಸಿ ಮನೆಯ ದೋಣಿಕಟ್ಟೆಗೆ ಒಂದು ಹಸಿರು ದೀಪ ಹಾಕಿ; ಗ್ಯಾಟ್ಸ್‌ಬಿ ಈ ದಡದಿಂದ ನೋಡುವುದು ಅದನ್ನೇ. ಕೆಲಗೇರಿ ಕೆರೆ ದಂಡೆಯಲ್ಲಿ ಸಂಜೆ ನಿಂತವರಿಗೆ ಈ ನೋಟ ಬೇಗ ಅರ್ಥವಾಗುತ್ತದೆ.

ಐದನೇ ಅಧ್ಯಾಯ ನಿಧಾನಕ್ಕೆ ಓದಿ. ಗ್ಯಾಟ್ಸ್‌ಬಿ ಅಂಗಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಎಸೆಯುತ್ತಾನೆ. ಡೇಸಿ ಆ ರಾಶಿಯಲ್ಲಿ ತಲೆಯಿಟ್ಟು ಅಳುತ್ತಾಳೆ. ಅಳು ಅಂಗಿಗೋ, ಇಬ್ಬರೂ ದೂರವಿದ್ದು ಕಳೆದ ಐದು ವರ್ಷಕ್ಕೋ? ನಿಮಗೆ ಅನಿಸಿದ್ದನ್ನು ಪಕ್ಕದಲ್ಲೇ ಪೆನ್ಸಿಲ್‌ನಿಂದ ಗೀಚಿಡಿ. ಹುಬ್ಬಳ್ಳಿಯ ಜವಳಿ ಅಂಗಡಿಯಲ್ಲಿ ಒಂದರ ಮೇಲೊಂದು ಸೀರೆ ಬಿಚ್ಚಿ ಹಾಕ್ತಾರಲ್ಲ, ಅದನ್ನು ನೆನೆಸಿಕೊಂಡ ಮೇಲೇ ನನಗೆ ಈ ಪುಟ ತಲೆಗೆ ಹತ್ತಿದ್ದು!

ಏಳನೆಯದರಲ್ಲಿ ಹೋಟೆಲ್ ಕೋಣೆ, ಸೆಕೆ, ಟಾಮ್–ಗ್ಯಾಟ್ಸ್‌ಬಿ ಜಗಳ. ಇದನ್ನು ಜೋರಾಗಿ ಓದಿ. ಕಥೆ ಹೇಳುವ ನಿಕ್‌ನನ್ನು ಪೂರ್ತಿ ನಂಬಬೇಡಿ. ತಾನು ಪ್ರಾಮಾಣಿಕ ಅಂತ ತಾನೇ ಹೇಳಿಕೊಳ್ಳುವವನು ಅವನು, ಅಲ್ವಾ? ಸಿನಿಮಾ ಆಮೇಲೆ ನೋಡಿದರಾಯ್ತು.