ಫ್ರಾಂಚೈಸಿ ಅಂಗಡಿ: ದುಡ್ಡು ಕಟ್ಟುವ ಮುಂಚೆ ಈ ಲೆಕ್ಕ ಹಾಕಿ

ತುಮಕೂರಿನ ಬಿ.ಎಚ್. ರಸ್ತೆ, ಎಸ್.ಎಸ್. ಪುರಂ ಕಡೆ ಚಹಾ, ಐಸ್‌ಕ್ರೀಂ, ಬರ್ಗರ್ ಫ್ರಾಂಚೈಸಿ (ಕಂಪನಿಗೆ ದುಡ್ಡು ಕಟ್ಟಿ, ಅದರ ಹೆಸರಲ್ಲಿ ನಾವು ನಡೆಸುವ ಅಂಗಡಿ) ಬೋರ್ಡುಗಳಿಗೆ ಬರವಿಲ್ಲ. ಆದರೆ ವರ್ಷ ತುಂಬುವ ಮೊದಲೇ ಬಾಗಿಲು ಹಾಕುವವರೂ ಇದ್ದಾರೆ. ರುಚಿ ಕೆಟ್ಟು ಮುಚ್ಚಿದ್ದನ್ನು ನಾನು ಕಂಡಿದ್ದು ಕಡಿಮೆ. ಲೆಕ್ಕ ಹಾಕದೆ ಸಹಿ ಹಾಕಿ ಮುಚ್ಚಿದವರೇ ಜಾಸ್ತಿ.

ಹಂತ 1: ಕಂಪನಿ ಅಸಲಿಯೇ ನೋಡಿ. ಕಂಪನಿ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟ್‌ನಲ್ಲಿ ಹೆಸರು ಹುಡುಕಿ. ಟ್ರೇಡ್‌ಮಾರ್ಕ್ ಯಾರ ಹೆಸರಲ್ಲಿದೆ ಅಂತಲೂ ನೋಡಿ. ‘ರಿಜಿಸ್ಟ್ರೇಷನ್ ಫೀ’ ಅಂತ ಯಾರದೋ ಸ್ವಂತ ಖಾತೆಗೆ ಹಣ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಆಗಲೇ ಕಳಿಸಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಂತ 2: ಅದೇ ಹೆಸರಿನ ಬೇರೆ ಅಂಗಡಿಯಲ್ಲಿ ಹೋಗಿ ಕೂತು ಗಿರಾಕಿಗಳನ್ನು ಎಣಿಸಿ. ಭಾನುವಾರ ಸಂಜೆ ಬೇಡ, ವಾರದ ನಡುವಿನ ಮಧ್ಯಾಹ್ನ ಹೋಗಿ.

ಹಂತ 3: ಎಲ್ಲರೂ ಎಡವುವುದು ಇಲ್ಲೇ. ರಾಯಲ್ಟಿ, ಅಂದರೆ ಹೆಸರು ಬಳಸುವುದಕ್ಕೆ ಕಂಪನಿಗೆ ಕೊಡುವ ಪಾಲು, ಸಾಮಾನ್ಯವಾಗಿ ಲಾಭದ ಮೇಲಲ್ಲ, ವ್ಯಾಪಾರದ ಮೇಲೆ. ಒಂದು ಉದಾಹರಣೆ ತಗೊಳ್ಳಿ. ದಿನಕ್ಕೆ 5,000 ರೂಪಾಯಿ ವ್ಯಾಪಾರವಾದರೆ ತಿಂಗಳಿಗೆ 1,50,000. ಸಾಮಾನಿಗೆ ಅರ್ಧ, ಅಂದರೆ 75,000. ರಾಯಲ್ಟಿ ಶೇ 6ರಂತೆ 9,000, ಅದರ ಮೇಲೆ ಶೇ 18 ಜಿಎಸ್‌ಟಿ 1,620. ಬಾಡಿಗೆ 20,000, ಇಬ್ಬರು ಹುಡುಗರ ಸಂಬಳ 28,000, ಕರೆಂಟು ಮತ್ತು ಗ್ಯಾಸಿಗೆ 7,000. ಉಳಿಯುವುದು 9,380. ಬ್ಯಾಂಕಿನ ಕಂತು, ನಿಮ್ಮ ದುಡಿಮೆಯ ಕೂಲಿ ಎರಡೂ ಇದರಲ್ಲೇ ಬರಬೇಕು. ಕಾಲೇಜು ರಜೆ ಬಂದು ವ್ಯಾಪಾರ 4,000ಕ್ಕೆ ಇಳಿದರೆ? ತಿಂಗಳಿಗೆ 3,496 ರೂಪಾಯಿ ಕೈಯಿಂದ ಹೋಗುತ್ತದೆ. ಕಂಪನಿಗೆ ಮಾತ್ರ ಆಗಲೂ 7,200 ರಾಯಲ್ಟಿ ಸಲ್ಲುತ್ತದೆ. ಕಂಪನಿಯವರು ತೋರಿಸುವ ಲೆಕ್ಕದಲ್ಲಿ ಈ ರಜೆ ತಿಂಗಳು ಇದೆಯಾ ಅಂತ ಕೇಳಿ. ‘ಗ್ಯಾರಂಟಿ ಲಾಭ’ ಅನ್ನುವವರ ಹತ್ತಿರ ಹೋಗಲೇಬೇಡಿ.

ಹಂತ 4: ಅಗ್ರಿಮೆಂಟ್. ನಮ್ಮಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ. ಮುಖ್ಯವಾಗಿ 1872ರ ಕರಾರು ಕಾಯ್ದೆಯೇ ಆಧಾರ. ಹಾಗಾಗಿ ಬಾಯಿಮಾತು ನಂಬಬೇಡಿ, ಎಲ್ಲವೂ ಕಾಗದದಲ್ಲಿರಲಿ. ಎಷ್ಟು ದೂರದೊಳಗೆ ಇನ್ನೊಂದು ಅಂಗಡಿ ಕೊಡುವುದಿಲ್ಲ? ಬಟಾವಾಡಿಯಲ್ಲಿ ನಿಮಗೆ ಕೊಟ್ಟು, ಕ್ಯಾತ್ಸಂದ್ರದಲ್ಲಿ ಇನ್ನೊಬ್ಬರಿಗೆ ಕೊಟ್ಟರೆ ಹೆದ್ದಾರಿ ಗಿರಾಕಿ ಹಂಚಿಹೋಗುತ್ತಾರೆ. ಪೇಪರ್ ಲೋಟ, ಸಾಸ್ ಕೂಡ ಕಂಪನಿಯಿಂದಲೇ ತರಬೇಕಾ? ಹಾಗಿದ್ದರೆ ಮಂಡಿಪೇಟೆಯ ಹೋಲ್‌ಸೇಲ್ ದರ ವಿಚಾರಿಸಿ, ವ್ಯತ್ಯಾಸ ಬರೆದಿಟ್ಟುಕೊಳ್ಳಿ. ಮಧ್ಯದಲ್ಲಿ ಬಿಟ್ಟರೆ ಡಿಪಾಸಿಟ್ ವಾಪಸ್ ಬರುತ್ತಾ? ಇಂಟರ್‌ನೆಟ್‌ನಿಂದ ಇಳಿಸಿದ ರೆಡಿಮೇಡ್ ಅಗ್ರಿಮೆಂಟ್ ಬೇಡ. ಕೋರ್ಟ್ ಹತ್ತಿರದ ಒಬ್ಬ ವಕೀಲರಿಗೆ ಫೀಸು ಕೊಟ್ಟು ಓದಿಸಿ.

ಹಂತ 5: ಪಾಲಿಕೆಯ ಟ್ರೇಡ್ ಲೈಸೆನ್ಸ್, ತಿಂಡಿ ಅಂಗಡಿಗೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಅಥವಾ ಲೈಸೆನ್ಸ್ ಮಾಡಿಸಿ. ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಕಂಪನಿ ಕಳಿಸುವ ಡಿಸೈನನ್ನು ಹಾಗೇ ಪ್ರಿಂಟ್ ಮಾಡಿಸಬೇಡಿ.

ಮಳಿಗೆಯ ಬಾಡಿಗೆ ಕರಾರು ಕೊನೆಗೆ. ಫ್ರಾಂಚೈಸಿ 5 ವರ್ಷಕ್ಕಿದ್ದು ಬಾಡಿಗೆ 11 ತಿಂಗಳಿಗೆ ಮಾತ್ರ ಇದ್ದರೆ, ಮಾಲೀಕರು ಬಿಡಿ ಅಂದ ದಿನ ಇಂಟೀರಿಯರ್‌ಗೆ ಹಾಕಿದ ದುಡ್ಡು ಗೋಡೆಯಲ್ಲೇ ಉಳಿಯುತ್ತದೆ. ಎರಡರ ಅವಧಿಯೂ ಒಂದೇ ಇರುವಂತೆ ಬರೆಸಿ, ನೋಂದಣಿ ಮಾಡಿಸಿ. ಆಮೇಲಷ್ಟೇ ಅಡ್ವಾನ್ಸ್ ಕೊಡಿ.