ವೈರಸ್ಸು ಕೋಶದೊಳಗೆ ಕವಚ ಕಳಚುವ ಬಗೆಯನ್ನು ತರಗತಿಯಲ್ಲಿ ತೋರಿಸುವುದು

ಕಾಸರಗೋಡಿನ ಕನ್ನಡ ಮಾಧ್ಯಮ ಪ್ರೌಢಶಾಲೆಗಳಲ್ಲಿ ಜೀವಶಾಸ್ತ್ರ ಕಲಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ವೈರಸ್ ಎಂದೊಡನೆ ಮಕ್ಕಳ ಕಣ್ಣ ಮುಂದೆ ಬರುವುದು ಬ್ಯಾಕ್ಟೀರಿಯಾದ ಮೇಲೆ ಕಾಲೂರಿ ನಿಂತು, ಸೂಜಿ ಚುಚ್ಚಿದಂತೆ ಡಿಎನ್‌ಎಯನ್ನು ಒಳಗಿಳಿಸುವ ಬ್ಯಾಕ್ಟೀರಿಯೋಫೇಜಿನ ಚಿತ್ರ. ನಾನೂ ಮೊದಲ ವರ್ಷಗಳಲ್ಲಿ ಆ ಒಂದೇ ಚಿತ್ರವನ್ನು ಹಲಗೆಯ ಮೇಲೆ ಬರೆದು ಪಾಠ ಮುಗಿಸುತ್ತಿದ್ದೆ. ಫ್ಲೂ ವೈರಸ್ಸೂ ನಮ್ಮ ಗಂಟಲಿನ ಕೋಶಗಳನ್ನು ಹಾಗೆಯೇ ಚುಚ್ಚುತ್ತದೆ ಎಂದು ಮಕ್ಕಳು ಉತ್ತರ ಪತ್ರಿಕೆಯಲ್ಲಿ ಬರೆದಾಗ ತಪ್ಪು ನನ್ನದೆಂದು ಅರಿವಾಯಿತು. ನಮ್ಮನ್ನು ಕಾಡುವ ವೈರಸ್ಸುಗಳು ಚುಚ್ಚುವುದಿಲ್ಲ. ಅವು ಆಕಾರ ಬದಲಿಸಿ ಒಳಸೇರುತ್ತವೆ.

ಪಾಠವನ್ನು ಒಂದು ಪ್ರಶ್ನೆಯಿಂದ ಆರಂಭಿಸಿ. ಹೊರಗಿದ್ದಾಗ ವೈರಸ್ಸಿನ ಕವಚ ಒಡೆಯದಷ್ಟು ಗಟ್ಟಿಯಾಗಿರಬೇಕು, ಕೋಶದೊಳಗೆ ಹೋದ ಮೇಲೆ ಅದೇ ಕವಚ ಸಡಿಲಗೊಂಡು ಆರ್‌ಎನ್‌ಎಯನ್ನು ಬಿಟ್ಟುಕೊಡಬೇಕು. ಹಾಗಾದರೆ ತಾನು ಒಳಗೆ ಬಂದಿದ್ದೇನೆಂದು ಜೀವವೇ ಇಲ್ಲದ ಆ ಕಣಕ್ಕೆ ತಿಳಿಯುವುದು ಹೇಗೆ? ಮಕ್ಕಳು ತಮಗೆ ತೋಚಿದ್ದನ್ನು ಹೇಳಲಿ, ಉತ್ತರವನ್ನು ಕೂಡಲೇ ಕೊಡಬೇಡಿ.

ಬಳಿಕ, ಗುಂಡಿ ಒತ್ತಿದರೆ ತಾನಾಗಿ ಬಿಚ್ಚಿಕೊಳ್ಳುವ ಕೊಡೆಯೊಂದನ್ನು ತರಿಸಿ. ಜೂನ್ ತಿಂಗಳಲ್ಲಿ ನಮ್ಮ ತರಗತಿಗಳ ಮೂಲೆಯಲ್ಲಿ ಅದಕ್ಕೆ ಬರವಿಲ್ಲ. ಫ್ಲೂ ವೈರಸ್ಸಿನ ಹೊರಪೊರೆಯ ಮೇಲೆ ಮುಳ್ಳಿನಂತೆ ನಿಂತಿರುವ ಹೀಮಾಗ್ಲುಟಿನಿನ್ ಎಂಬ ಪ್ರೋಟೀನು ಸ್ಪ್ರಿಂಗ್ ಬಿಗಿದಿಟ್ಟ ಆ ಕೊಡೆಯಂತೆಯೇ ಇದೆ ಎಂದು ತಿಳಿಸಿ. ಮೊದಲು ಕೊಡೆಯ ಸುತ್ತಿನ ಪಟ್ಟಿಯನ್ನು ಬಿಗಿದೇ ಗುಂಡಿ ಒತ್ತಿಸಿ, ಕೊಡೆ ಬಿಚ್ಚಿಕೊಳ್ಳದು. ನಮ್ಮ ಶ್ವಾಸನಾಳದ ಕಿಣ್ವಗಳು ಈ ಪ್ರೋಟೀನನ್ನು ಒಂದು ನಿರ್ದಿಷ್ಟ ಜಾಗದಲ್ಲಿ ಕತ್ತರಿಸಿ ಎರಡು ತುಂಡಾಗಿಸುವುದೆಂದರೆ ಆ ಪಟ್ಟಿ ಬಿಚ್ಚಿದಂತೆ. ಅದು ಆಗದಿದ್ದರೆ ವೈರಸ್ಸು ಸೋಂಕು ಹರಡಲಾರದು. ಈಗ ಪಟ್ಟಿ ಬಿಚ್ಚಿ, ಗುಂಡಿ ಒತ್ತಿಸಿ. ಆ ಗುಂಡಿಯೇ ಆಮ್ಲ. ಕೋಶಪೊರೆಯ ಮೇಲಿನ ಸಯಾಲಿಕ್ ಆಮ್ಲ ಎಂಬ ಸಕ್ಕರೆಯಂಥ ಅಣುವಿಗೆ (ಗುಂಡಿಯಾಗುವ ಆಮ್ಲ ಇದಲ್ಲ) ಅಂಟಿಕೊಂಡ ವೈರಸ್ಸನ್ನು ಕೋಶವೇ ಎಂಡೋಸೋಮ್ ಎಂಬ ಪುಟ್ಟ ಚೀಲದಲ್ಲಿ ಸುತ್ತಿ ಒಳಗೆಳೆದುಕೊಳ್ಳುತ್ತದೆ. ತನ್ನ ನಿತ್ಯದ ರೂಢಿಯಂತೆ ಆ ಚೀಲದೊಳಕ್ಕೆ ಪ್ರೋಟಾನುಗಳನ್ನು ತುಂಬಿ ಅದನ್ನು ಆಮ್ಲೀಯಗೊಳಿಸುತ್ತದೆ. ಪಿಎಚ್ 5ರಿಂದ 5.5ರ ಆಸುಪಾಸಿಗೆ ಇಳಿದಾಗ ಹೀಮಾಗ್ಲುಟಿನಿನ್ನಿನ ಮಡಿಕೆ ಬಿಚ್ಚಿ, ಒಳಗೆ ಹುದುಗಿದ್ದ ಜಿಡ್ಡುಪ್ರಿಯ ತುದಿ ಸುಮಾರು 10 ನ್ಯಾನೋಮೀಟರ್ ದೂರಕ್ಕೆ ಚಿಮ್ಮಿ ಚೀಲದ ಪೊರೆಗೆ ನಾಟುತ್ತದೆ. ಆಮೇಲೆ ಪ್ರೋಟೀನು ನಡುವೆ ಮಡಚಿಕೊಂಡು ಎರಡು ಪೊರೆಗಳನ್ನು ಹತ್ತಿರಕ್ಕೆ ಎಳೆಯುತ್ತದೆ. ಪ್ರಶ್ನೆಗೆ ಉತ್ತರ ಇಲ್ಲಿದೆ: ಒಳಗೆ ಬಂದ ಸುದ್ದಿಯನ್ನು ವೈರಸ್ಸಿಗೆ ಮುಟ್ಟಿಸುವುದು ಕೋಶವೇ.

ಆಮ್ಲಕ್ಕೆ ಇಷ್ಟು ಶಕ್ತಿಯಿದೆಯೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅರ್ಧ ಲೋಟ ಉಗುರುಬೆಚ್ಚಗಿನ ಹಾಲಿಗೆ, ಹಿಂಡಿ ಸೋಸಿದ ಬಿಂಬುಳಿ ರಸವನ್ನು ಹನಿಹನಿಯಾಗಿ ಹಾಕಿ ಕದಡಿಸಿ. ಮೊದಲ ಹನಿಗಳಿಗೆ ಹಾಲು ಹಾಗೆಯೇ ಇರುತ್ತದೆ. ಒಂದು ಹಂತ ದಾಟಿದೊಡನೆ ಲೋಟದ ಗೋಡೆಗೆ ಬಿಳಿಯ ಕಣಗಳು ಅಂಟತೊಡಗಿ ಹಾಲು ಒಡೆಯುತ್ತದೆ. ಹಾಲಿನ ಕೇಸೀನ್ ಎಂಬ ಪ್ರೋಟೀನು ಪಿಎಚ್ 4.6ರ ಸುಮಾರಿಗೆ ವಿದ್ಯುದಂಶ ಕಳೆದುಕೊಂಡು ಗಂಟುಗಟ್ಟುವುದೇ ಇದಕ್ಕೆ ಕಾರಣ. ಹೀಮಾಗ್ಲುಟಿನಿನ್ ಹೀಗೆ ಗಂಟುಗಟ್ಟುವುದಿಲ್ಲ, ಹದವಾಗಿ ಮಡಿಕೆ ಬದಲಿಸುತ್ತದೆ ಎಂಬುದನ್ನು ಒತ್ತಿ ಹೇಳಿ. ಹಾಲು ತೋರಿಸುವುದು ಆ ಹೊಸ್ತಿಲನ್ನು ಮಾತ್ರ.

ಪೊರೆಗಳು ಬೆಸೆಯುವುದನ್ನು ತೋರಿಸಲು ತಟ್ಟೆಯ ನೀರಿನ ಮೇಲೆ ತೆಂಗಿನೆಣ್ಣೆಯ ಎರಡು ಹನಿಗಳನ್ನು ತೇಲಿಸಿ ಕಡ್ಡಿಯಿಂದ ಒಂದಾಗಿಸಿದರೆ ಸಾಕು. ಆದರೆ ಪೊರೆ ಬೆಸೆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ವೈರಸ್ಸಿನ ಹೊರಪೊರೆಯಲ್ಲಿರುವ ಎಂ2 ಎಂಬ ಸಣ್ಣ ಕಾಲುವೆ ಅದೇ ಆಮ್ಲವನ್ನು ವೈರಸ್ಸಿನ ಒಡಲಿಗೂ ಬಿಟ್ಟುಕೊಳ್ಳುತ್ತದೆ. ಅದರಿಂದ ಒಳಪದರದ ಎಂ1 ಪ್ರೋಟೀನಿನ ಹಿಡಿತ ಸಡಿಲಗೊಂಡು, ಆರ್‌ಎನ್‌ಎಯ 8 ತುಂಡುಗಳು ಬಿಡುಗಡೆಯಾಗಿ ಕೋಶಕೇಂದ್ರದತ್ತ ಸಾಗುತ್ತವೆ. ಹಿಂದೆ ಫ್ಲೂಗೆ ಕೊಡುತ್ತಿದ್ದ ಅಮಾಂಟಡಿನ್ ಔಷಧ ಮುಚ್ಚುತ್ತಿದ್ದುದು ಈ ಕಾಲುವೆಯನ್ನೇ. ಈಗ ಹರಡುವ ಫ್ಲೂ ವೈರಸ್ಸುಗಳು ಅದಕ್ಕೆ ಜಗ್ಗುವುದಿಲ್ಲ.

ಎಲ್ಲ ವೈರಸ್ಸುಗಳೂ ಆಮ್ಲಕ್ಕೆ ಕಾಯುತ್ತವೆ ಎಂಬ ಹೊಸ ತಪ್ಪು ಮಕ್ಕಳ ತಲೆಯಲ್ಲಿ ಕೂರದಂತೆ ನೋಡಿಕೊಳ್ಳಿ. ಹೊರಪೊರೆಯಿಲ್ಲದ ಪೋಲಿಯೋ ವೈರಸ್ಸಿಗೆ ಕೋಶದ ಮೇಲಿನ ಸಿಡಿ155 ಎಂಬ ಗ್ರಾಹಕವನ್ನು (ವೈರಸ್ಸು ಅಂಟಿಕೊಳ್ಳುವ ಪ್ರೋಟೀನನ್ನು) ಮುಟ್ಟುವುದೇ ಸೂಚನೆ. ಎಚ್‌ಐವಿಯ ಶಂಕುವಿನಾಕಾರದ ಕ್ಯಾಪ್ಸಿಡ್, ಅಂದರೆ ಒಳಗಿನ ಪ್ರೋಟೀನ್ ಕವಚ, ಕೋಶದ್ರವದಲ್ಲೇ ಕಳಚುತ್ತದೆಂದು ಬಹುಕಾಲ ನಂಬಲಾಗಿತ್ತು. ಅದು ಬಹುಮಟ್ಟಿಗೆ ಇಡಿಯಾಗಿಯೇ ಕೋಶಕೇಂದ್ರದ ರಂಧ್ರವನ್ನು ದಾಟಬಲ್ಲದೆಂದು ಈಚಿನ ಅಧ್ಯಯನಗಳು ತೋರಿಸಿವೆ. ನಮ್ಮ ಮಕ್ಕಳಿಗೆ ಹೆಚ್ಚು ಹತ್ತಿರವಾದುದು ಬಾವಲಿಗಳಿಂದ ಬರುವ ನಿಪಾ ವೈರಸ್ಸು. 2018ರಲ್ಲಿ ಕೋಝಿಕ್ಕೋಡಿನಲ್ಲಿ ಅದು ಕಾಣಿಸಿಕೊಂಡಂದಿನಿಂದ, ಬಾವಲಿ ಚೀಪಿ ಬೀಳಿಸಿದ ಅಡಿಕೆಯನ್ನು ಹೆಕ್ಕಬೇಕೇ ಬೇಡವೇ ಎಂಬ ಮಾತು ನಮ್ಮ ತೋಟಗಳಲ್ಲೂ ಕೇಳಿಬರುತ್ತದೆ. ನಿಪಾದ ಒಂದು ಪ್ರೋಟೀನು ಎಫ್ರಿನ್ ಎಂಬ ಗ್ರಾಹಕವನ್ನು ಹಿಡಿದರೆ ಮತ್ತೊಂದು ಪ್ರೋಟೀನು ಆಮ್ಲದ ಹಂಗಿಲ್ಲದೆ ಬಿಚ್ಚಿಕೊಂಡು ಪೊರೆಗಳನ್ನು ಬೆಸೆಯುತ್ತದೆ. ಅದರ ಆರ್‌ಎನ್‌ಎ ಕೋಶದೊಳಗೆ ಬಂದ ಮೇಲೂ ತನ್ನನ್ನು ಸುತ್ತಿದ ಪ್ರೋಟೀನನ್ನು ಪೂರ್ತಿ ಕಳಚುವುದಿಲ್ಲ.

ಕೊನೆಗೆ ಮತ್ತೆ ಕೊಡೆಯನ್ನು ಕೈಗೆತ್ತಿಕೊಂಡು ಕೇಳಿ: ಫ್ಲೂ ವೈರಸ್ಸು ಕೋಶಕ್ಕೆ ಅಂಟುವ ಮೊದಲೇ ಆಮ್ಲಕ್ಕೆ ಸಿಕ್ಕಿದರೆ ಏನಾದೀತು? ಸ್ವಲ್ಪ ಹೊತ್ತು ಸುಮ್ಮನಿದ್ದು ಕಾಯಿರಿ. ಕೊಡೆ ಹೊರಗೆಯೇ ಬಿಚ್ಚಿಬಿಡುತ್ತದೆ, ಮತ್ತೆ ಮಡಚಲು ವೈರಸ್ಸಿಗೆ ಕೈಗಳಿಲ್ಲ, ಆದ್ದರಿಂದ ಅದು ಸೋಂಕಿಸಲಾರದು ಎಂದು ಹಿಂದಿನ ಬೆಂಚಿನಿಂದಲಾದರೂ ಯಾರೋ ಒಬ್ಬರು ಹೇಳುತ್ತಾರೆ.