ಅಕ್ಕಿ ಹಾಳೆ ಮೆತ್ತಗಾಗುವವರೆಗೆ ಕಾಯಬಾರದು: ಗೋಯ್ ಕುವೊನ್ ಸುತ್ತಲು ಕಲಿತ ಅನುಭವ

ಕೆಲಸದ ನಿಮಿತ್ತ ಹೋ ಚಿ ಮಿನ್ ನಗರದಲ್ಲಿ ಎರಡು ವರ್ಷ ಇದ್ದಾಗ, ನಾವು ಬಾಡಿಗೆಗಿದ್ದ ಮನೆಯ ಕೆಳಮಹಡಿಯಲ್ಲಿ ಮಾಲೀಕರ ತಾಯಿ ವಾಸವಾಗಿದ್ದರು. ವಿಯೆಟ್ನಾಮಿನಲ್ಲಿ ಅಜ್ಜಿಯ ವಯಸ್ಸಿನವರನ್ನು ಗೌರವದಿಂದ ‘ಬಾ’ ಎಂದು ಕರೆಯುತ್ತಾರೆ. ಹಿರಿಯರನ್ನು ಹಾಗೆ ಕರೆಯುವಾಗ ಕನ್ನಡದ ನಾಲಿಗೆಗೆ ಮೊದಮೊದಲು ಆದ ಸಂಕೋಚ ಅಷ್ಟಿಷ್ಟಲ್ಲ. ಸೊಪ್ಪು, ಶಾವಿಗೆ, ಮಾಂಸವನ್ನು ಅಕ್ಕಿ ಹಾಳೆಯಲ್ಲಿ ಸುತ್ತಿ ಕರಿಯದೆ ತಿನ್ನುವ, ಬೇರೆ ದೇಶಗಳ ಹೋಟೆಲುಗಳಲ್ಲಿ ಸಮ್ಮರ್ ರೋಲ್ ಎಂಬ ಹೆಸರಿನಲ್ಲಿ ಸಿಗುವ ಗೋಯ್ ಕುವೊನ್ ಅನ್ನು ನಾನು ಕಲಿತದ್ದು ಆ ಬಾ ಅವರ ಅಡುಗೆಮನೆಯಲ್ಲಿ. ‘ಗೋಯ್’ ಎಂದರೆ ಕೋಸಂಬರಿಯಂಥ ಹಸಿ ಮಿಶ್ರಣ, ‘ಕುವೊನ್’ ಎಂದರೆ ಸುತ್ತುವುದು. ಎಣ್ಣೆಯಲ್ಲಿ ಕರಿದ ಸುರುಳಿಗೆ ಅಲ್ಲಿ ಚಾ ಯೋ ಎಂಬ ಬೇರೆಯೇ ಹೆಸರಿದೆ.

ಹೊದಿಕೆಯಾಗಿ ಬಳಸುವ ಬಾನ್ ತ್ರಾಂಗ್ ಎಂಬ ಅಕ್ಕಿ ಹಾಳೆಯ ಮೇಲೆ ಚಾಪೆಯ ಹೆಣಿಗೆಯಂಥ ಗೆರೆಗಳಿರುತ್ತವೆ. ಕುದಿಯುವ ನೀರಿನ ಪಾತ್ರೆಯ ಬಾಯಿಗೆ ಬಿಗಿದ ಬಟ್ಟೆಯ ಮೇಲೆ ಅಕ್ಕಿಯ ತೆಳು ಸಂಪಣವನ್ನು ಹರಡಿ, ಹಬೆಯಲ್ಲಿ ಬೇಯಿಸಿ, ಬಿದಿರಿನ ತಟ್ಟಿಯ ಮೇಲೆ ಒಣಗಿಸುವುದರಿಂದ ಆ ಗುರುತು ಉಳಿಯುತ್ತದೆ. ಎಲೆಯ ಮೇಲೋ ತಟ್ಟೆಯ ಮೇಲೋ ಹಿಟ್ಟು ಸವರಿ, ಹಬೆಯಲ್ಲಿಟ್ಟು ಒಣಗಿಸುವ ನಮ್ಮ ಅಕ್ಕಿ ಸಂಡಿಗೆಯನ್ನು ಕಂಡವರಿಗೆ ಇದು ತೀರಾ ಹೊಸದಲ್ಲ. ನಾವು ಅದನ್ನು ಎಣ್ಣೆಗೆ ಬಿಡುತ್ತೇವೆ, ಅವರು ನೀರಿಗೆ ಅದ್ದುತ್ತಾರೆ.

ನಾನು ಎಡವಿದ್ದು ಆ ನೀರಿನಲ್ಲಿಯೇ. ಮೊದಲ ಸಲ ಬಿಸಿನೀರಿನಲ್ಲಿ ಹಾಳೆಯನ್ನು ಒಂದು ನಿಮಿಷ ನೆನೆಸಿ, ಚೆನ್ನಾಗಿ ಮೆತ್ತಗಾಯಿತೆಂದು ಸಂತೋಷಪಟ್ಟು ಎತ್ತಿದರೆ, ಅದು ಒದ್ದೆ ಕರವಸ್ತ್ರದಂತೆ ಮಡಚಿಕೊಂಡು, ಬಿಡಿಸಲು ಹೋದಲ್ಲೆಲ್ಲ ಹರಿಯಿತು. ಐದು ಹಾಳೆ ಹಾಳಾದ ಮೇಲೆ ಪೊಟ್ಟಣವನ್ನು ಹಿಡಿದು ಕೆಳಗಿಳಿದೆ. ಬಾ ಅವರು ಅಗಲವಾದ ತಟ್ಟೆಯಲ್ಲಿ ತಣ್ಣೀರು ತೆಗೆದುಕೊಂಡು, ಹಾಳೆಯ ಅಂಚನ್ನು ಹಿಡಿದು ಚಕ್ರದಂತೆ ಒಂದು ಸುತ್ತು ತಿರುಗಿಸಿ, ಇನ್ನೂ ಸಂಡಿಗೆಯಂತೆ ಸೆಟೆದುಕೊಂಡಿರುವಾಗಲೇ ತೆಗೆದು ಒದ್ದೆ ತಟ್ಟೆಯ ಮೇಲೆ ಇಟ್ಟರು. ನಾವು ಸೊಪ್ಪು, ಶಾವಿಗೆ ಜೋಡಿಸುವ ಅರ್ಧ ನಿಮಿಷದಲ್ಲಿ ಹಾಳೆ ತನಗೆ ಅಂಟಿದ ನೀರನ್ನು ತಾನೇ ಹೀರಿ, ಸುತ್ತುವ ಹೊತ್ತಿಗೆ ಸರಿಯಾಗಿ ಬಾಗುವಂತಾಗುತ್ತದೆ. ಇದೊಂದು ತಿಳಿದರೆ ಉಳಿದದ್ದೆಲ್ಲ ಕೈಯ ಅಭ್ಯಾಸ. ಒಣ ಮರದ ಮಣೆಯ ಮೇಲೆ ಮಾತ್ರ ಹಾಳೆಯನ್ನು ಹಾಸಬಾರದು, ಅಂಟಿಕೊಂಡರೆ ಏಳುವುದಿಲ್ಲ.

ಹನ್ನೆರಡು ಸುರುಳಿಗೆ ನಾನು 22 ಸೆಂಟಿಮೀಟರ್ ಅಗಲದ ಹಾಳೆಗಳು, 18 ಮಧ್ಯಮ ಗಾತ್ರದ ಸಿಗಡಿ, 250 ಗ್ರಾಂ ಹಂದಿಮಾಂಸ ಮತ್ತು 150 ಗ್ರಾಂ ಒಣ ಅಕ್ಕಿ ಶಾವಿಗೆ ತೆಗೆದುಕೊಳ್ಳುತ್ತೇನೆ. ಮಾಂಸವನ್ನು ಉಪ್ಪು ನೀರಿನಲ್ಲಿ ಇಡಿಯಾಗಿ ಬೇಯಿಸಿ, ಪೂರ್ತಿ ತಣಿದ ಮೇಲೆ ತೆಳುವಾಗಿ ಹೆಚ್ಚಬೇಕು. ಸಿಗಡಿಯನ್ನು ಬಣ್ಣ ತಿರುಗುವಷ್ಟು ಮಾತ್ರ ಬೇಯಿಸಿ, ಸಿಪ್ಪೆ ಮತ್ತು ಕಪ್ಪು ನರ ತೆಗೆದು, ಉದ್ದಕ್ಕೆ ಸೀಳಿದರೆ ಒಂದು ಸುರುಳಿಗೆ ಮೂರು ಹೋಳು ಬರುತ್ತವೆ. ಶಾವಿಗೆಯನ್ನು ಬೇಯಿಸಿ, ತಣ್ಣೀರಿನಲ್ಲಿ ತೊಳೆದು ಕನಿಷ್ಠ ಅರ್ಧ ಗಂಟೆ ಜರಡಿಯಲ್ಲಿ ಬಿಡಬೇಕು. ಲೆಟ್ಯೂಸ್, ಪುದೀನ, ಕೊತ್ತಂಬರಿ ಎಲೆಗಳನ್ನು ಬಟ್ಟೆಯಿಂದ ಒತ್ತಿ ಒರೆಸಬೇಕು. ಹೊರಗಿನ ನೀರಿಗಿಂತ ಒಳಗೆ ಉಳಿದ ನೀರು ಹೆಚ್ಚು ಹಾಳೆಗಳನ್ನು ಹರಿದಿದೆ ಎಂಬುದು ನನ್ನ ಲೆಕ್ಕ.

ಜೋಡಿಸುವ ಕ್ರಮಕ್ಕೂ ಕಾರಣವಿದೆ. ನಮ್ಮ ಕಡೆಯ ಅಂಚಿನಿಂದ ನಾಲ್ಕು ಬೆರಳು ಬಿಟ್ಟು ಲೆಟ್ಯೂಸ್, ಅದರ ಮೇಲೆ ಸಣ್ಣ ಹಿಡಿ ಶಾವಿಗೆ, ಸೊಪ್ಪು ಮತ್ತು ಮಾಂಸ ಇಡುತ್ತೇನೆ. ಸಿಗಡಿಯನ್ನು ಆ ರಾಶಿಯ ಮೇಲಿಡದೆ, ಮುಂದಿನ ಖಾಲಿ ಜಾಗದಲ್ಲಿ ಕೆಂಪು ಬೆನ್ನು ಕೆಳಗಾಗುವಂತೆ ಸಾಲಾಗಿ ಇಡಬೇಕು. ಮೊದಲು ಒಂದು ಸುತ್ತು ಬಿಗಿಯಾಗಿ ಉರುಳಿಸಿ, ಎರಡೂ ಬದಿ ಮಡಚಿ, ಬೆಳ್ಳುಳ್ಳಿಯ ವಾಸನೆಯಿರುವ ‘ಹೆ’ ಎಂಬ ಸೊಪ್ಪಿನ ಒಂದೆರಡು ಎಳೆಗಳು ಬಾಲದಂತೆ ಹೊರಚಾಚುವಂತೆ ಇಟ್ಟು ಮುಂದಕ್ಕೆ ಉರುಳಿಸಿದರೆ, ಸಿಗಡಿ ಒಂದೇ ಪದರದ ಹಾಳೆಯ ಹಿಂದೆ ಬಂದು, ಗಾಜಿನೊಳಗಿನಿಂದ ಕಂಡಂತೆ ಕೆಂಪಗೆ ಕಾಣುತ್ತದೆ. ಸಡಿಲವಾಗಿ ಸುತ್ತಿದ್ದು ಮೊದಲ ಕಡಿತಕ್ಕೇ ಬಿಚ್ಚಿಕೊಳ್ಳುತ್ತದೆ. ಆಸೆಪಟ್ಟು ತುಂಬಿದ್ದು ಸುತ್ತುವಾಗಲೇ ಒಡೆಯುತ್ತದೆ.

ಅದ್ದಿ ತಿನ್ನಲು ದಕ್ಷಿಣ ವಿಯೆಟ್ನಾಮಿನವರು ಹೆಚ್ಚಾಗಿ ಮಾಡುವುದು ದಟ್ಟವಾದ, ಸಿಹಿ-ಉಪ್ಪಿನ ಸಾಸ್. ಬೆಳ್ಳುಳ್ಳಿಯನ್ನು ಸ್ವಲ್ಪ ಎಣ್ಣೆಯಲ್ಲಿ ಹುರಿದು, ಸೋಯಾದಿಂದ ಮಾಡಿದ ಹೊಯ್ಸಿನ್ ಎಂಬ ಚೀನೀ ಸಾಸ್ ನಾಲ್ಕು ಚಮಚ, ಎರಡು ಚಮಚ ಕಡಲೆಕಾಯಿ ಬೆಣ್ಣೆ ಮತ್ತು ಮಾಂಸ ಬೇಯಿಸಿದ ನೀರು ಬೆರೆಸಿ ಒಂದು ಕುದಿ ಬರಿಸಿ, ಮೇಲೆ ಕುಟ್ಟಿದ ಕಡಲೆಕಾಯಿ ಉದುರಿಸುತ್ತೇನೆ. ಫಿಶ್ ಸಾಸ್, ನಿಂಬೆರಸ, ಸಕ್ಕರೆ ಮತ್ತು ನೀರಿನ ನುವೊಕ್ ಚಾಮ್ ಕೂಡ ನಡೆಯುತ್ತದೆ, ಆದರೆ ನನಗೆ ಮೊದಲಿನದೇ ಇಷ್ಟ.

ಸಸ್ಯಾಹಾರಿಗಳು ಇದನ್ನು ಬಿಡಬೇಕಾಗಿಲ್ಲ. ಚಾಂದ್ರಮಾಸದ 1 ಮತ್ತು 15ನೆಯ ದಿನಗಳಲ್ಲಿ ಅಲ್ಲಿನ ಅನೇಕ ಬೌದ್ಧರಂತೆ ಬಾ ಅವರೂ ಮಾಂಸ ಮುಟ್ಟುತ್ತಿರಲಿಲ್ಲ. ಆ ದಿನ ಕರಿದ ತೋಫುವಿನ ಪಟ್ಟಿಗಳು ಮತ್ತು ಕ್ಯಾರೆಟ್ ಒಳಗೆ ಹೋಗುತ್ತಿದ್ದವು.

ಸುತ್ತಿದ್ದನ್ನು ಒಂದಕ್ಕೊಂದು ತಾಗದಂತೆ ಜೋಡಿಸಿ, ಒದ್ದೆ ಬಟ್ಟೆ ಮುಚ್ಚಿ, ಒಂದೆರಡು ಗಂಟೆಯೊಳಗೆ ತಿನ್ನಬೇಕು. ಫ್ರಿಜ್ಜಿನಲ್ಲಿಟ್ಟರೆ ತಂಗಳನ್ನದಂತೆಯೇ ಅಕ್ಕಿ ಹಾಳೆಯೂ ಗಡುಸಾಗುತ್ತದೆ. ಹಾಗೆ ಉಳಿದ ನಾಲ್ಕನ್ನು ನಾನೊಮ್ಮೆ ಮರುದಿನ ಕಾವಲಿಯ ಮೇಲೆ ಎಣ್ಣೆ ಹಾಕಿ ಕೆಂಪಗೆ ಬೇಯಿಸಿದೆ. ಗರಿಗರಿಯಾಗಿ ಚೆನ್ನಾಗಿಯೇ ಇತ್ತು. ಬಾ ಅವರೂ ಎರಡು ತಿಂದರು, ಆದರೆ ಅದನ್ನು ಗೋಯ್ ಕುವೊನ್ ಎಂದು ಕರೆಯಲು ಮಾತ್ರ ಒಪ್ಪಲಿಲ್ಲ.